ಹತ್ತು ನಿಮಿಷದ ಕೆಲಸ

ಅವಳು ಮೊದಲ ಸಲ ನನ್ನ ಗ್ಯಾರೇಜಿಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಬಾಗಿಲಲ್ಲಿ ನಿಂತ ಅವಳ ಕಾರು ಚಳಿಜ್ವರ ಬಂದವರಂತೆ ನಡುಗುತ್ತಿತ್ತು.

“ಮೇಸ್ತ್ರಿ ಎಲ್ಲಿ?”

“ನಾನೇ.”

“ನೀವಾ? ಮೇಸ್ತ್ರಿ ಅಂದ್ರೆ ಹೊಟ್ಟೆ, ಮೀಸೆ ಎಲ್ಲ ಇರುತ್ತೆ ಅಂದ್ಕೊಂಡಿದ್ದೆ.”

“ಬೆಳೆಸ್ತೀನಿ. ಸ್ವಲ್ಪ ಟೈಮ್ ಕೊಡಿ.”

ಅವಳು ನಕ್ಕಳು. ನಗು ಜಾಸ್ತಿಯಾಯಿತೇನೋ ಎಂಬಂತೆ ಕೆಳತುಟಿ ಕಚ್ಚಿಕೊಂಡಳು. ನಾನು ಬಾನೆಟ್ ಎತ್ತಿ, ಅದರ ಹಿಂದೆ ಮುಖ ಮರೆಸಿಕೊಂಡೆ.

ಕಾಯಿಲೆ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಸ್ಕ್ಯಾನರ್ ತೋರಿಸಿತು. ಪ್ಲಗ್ ಬಿಚ್ಚಿ ನೋಡಿದೆ, ಚೆನ್ನಾಗಿತ್ತು. ಮೂರರ ಇಗ್ನಿಷನ್ ಕಾಯಿಲನ್ನು ಒಂದಕ್ಕೂ ಒಂದರದ್ದನ್ನು ಮೂರಕ್ಕೂ ಹಾಕಿ ಸ್ಟಾರ್ಟ್ ಮಾಡಿದರೆ, ತೊಂದರೆಯೂ ಕಾಯಿಲಿನ ಜೊತೆಗೇ ಒಂದಕ್ಕೆ ಹೋಯಿತು. ಕಳ್ಳ ಸಿಕ್ಕಿಬಿದ್ದ. ಪ್ಲಗ್ಗಿಗೆ ಕರೆಂಟ್ ಕೊಡಬೇಕಾದ ಆ ಕಾಯಿಲೇ ಕೆಟ್ಟಿತ್ತು. ಅದೇ ಕಾರಿಗೆ ಹೊಂದುವ ಹೊಸ ಕಾಯಿಲ್ ನನ್ನ ಕಪಾಟಿನಲ್ಲಿತ್ತು. ಬದಲಾಯಿಸುವುದು ಹತ್ತು ನಿಮಿಷದ ಕೆಲಸ.

ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು.

“ಕಣ್ಣು ಕಿರಿದು ಮಾಡ್ಕೊಂಡು ನೋಡ್ತೀರಲ್ಲ, ಯಾವಾಗಿಂದ?”

“ಅಂದ್ರೆ?”

“ನಾನು ಕನ್ನಡಕದ ಅಂಗಡೀಲಿ ಕಣ್ಣು ಟೆಸ್ಟ್ ಮಾಡೋಳು. ನಿಮಗೆ ಹತ್ರದ್ದು ಸರಿಯಾಗಿ ಕಾಣ್ತಿಲ್ಲ ಮೇಸ್ತ್ರಿ.”

“ಈಗ ಹತ್ರ ಇರೋದಂತೂ ಚೆನ್ನಾಗೇ ಕಾಣ್ತಿದೆ.”

ಮಾತು ಬಾಯಿ ಜಾರಿಬಿಟ್ಟಿತ್ತು. ಅವಳು ಕೀಯನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿದಳು. “ಗಾಡಿಗೆ ಏನಾಗಿದೆ ಅದನ್ನ ಹೇಳಿ” ಎಂದಳು.

ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹತ್ತೇ ನಿಮಿಷದಲ್ಲಿ ಅವಳು ಹೊರಟುಹೋಗುತ್ತಿದ್ದಳು. ನಾನು ಹೇಳಿದ್ದು ಬೇರೆ: “ಇಂಜಿನ್ ಬಿಸಿಯಾದ್ರೆ ಮಾತ್ರ ಬರೋ ತೊಂದ್ರೆ. ಒಂದೆರಡು ವಾರ ನೋಡ್ಬೇಕು. ಊರೊಳಗೆ ಓಡ್ಸಿ, ಏರು ಮಾತ್ರ ಹತ್ತಿಸ್ಬೇಡಿ. ಮುಂದಿನ ಶನಿವಾರ ಬನ್ನಿ.”

ಕೆಟ್ಟ ಕಾಯಿಲನ್ನು ನನ್ನ ಕೈಯಾರೆ ಮತ್ತೆ ಅದರ ಜಾಗಕ್ಕೇ ಕೂರಿಸಿದೆ.

ಮುಂದಿನ ಶನಿವಾರ ಅವಳು ಗಾಜುಗಳ ಪೆಟ್ಟಿಗೆಯನ್ನೇ ತಂದಳು. ಹಳೇ ಟೈರುಗಳ ಮೇಲೆ ನನ್ನನ್ನು ಕೂರಿಸಿ, ಭಾರದ ಫ್ರೇಮೊಂದನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಾಯಿಸಿದಳು.

“ಇದು ಚೆನ್ನಾಗಿದೆಯಾ? ಇಲ್ಲ, ಮೊದಲಿನದ್ದಾ?”

“ಇನ್ನೊಂದ್ಸಲ ತೋರ್ಸಿ.”

“ಇದು ನಾಲ್ಕನೇ ಸಲ ಮೇಸ್ತ್ರಿ.”

“ನನ್ನ ಕಣ್ಣಿಗೂ ಬಿಸಿಯಾದಾಗ ಮಾತ್ರ ಬರೋ ತೊಂದ್ರೆ ಇರ್ಬೇಕು.”

ಫ್ರೇಮ್ ಸರಿಮಾಡುತ್ತಿದ್ದ ಅವಳ ಬೆರಳು ನನ್ನ ಕಿವಿಯ ಹಿಂದೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಅವಳು ಆ ಗಾಜನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಮೂರನೇ ಶನಿವಾರ ಅಕ್ಕನ ಮಾತು ತೆಗೆದಳು. “ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕಂಗೆ ಹದಿನೇಳು. ನನಗೆ ಜಡೆ ಹಾಕಿದ್ದು, ಓದಿಸಿದ್ದು ಎಲ್ಲ ಅವಳೇ. ಬೆಟ್ಟದ ಮೇಲಿನ ಊರಲ್ಲಿದ್ದಾಳೆ. ಗಾಡಿ ಸರಿಹೋದ್ರೆ ಹೋಗಿಬರ್ಬೇಕು.”

ಅಕ್ಕನಿಗೆ ಹುಷಾರಿಲ್ಲವೆಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. “ಮುಂದಿನ ಶನಿವಾರ ಬಂದ್ರೆ ಸರಿ ಮಾಡಿಬಿಡ್ತೀನಿ” ಎಂದೆ. ಮಾಡಬೇಕೆಂದೇ ಇದ್ದೆ.

ಬುಧವಾರ ಬೆಳಿಗ್ಗೆ ಫೋನ್ ಬಂತು.

“ಮೇಸ್ತ್ರಿ, ಬೆಟ್ಟದ ಅರ್ಧ ದಾರೀಲಿ ಗಾಡಿ ನಿಂತುಹೋಗಿದೆ. ಅಕ್ಕನ್ನ ಆಸ್ಪತ್ರೆಗೆ ಸೇರಿಸಿದ್ದಾರೆ, ಬೇಗ ಬನ್ನಿ ಅಂದ್ರು. ಬೇರೆ ಗಾಡಿ ಒಂದೂ ಈ ಕಡೆ ಬರ್ತಿಲ್ಲ.”

ಹೊಸ ಕಾಯಿಲನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಎಷ್ಟು ಜೋರಾಗಿ ಓಡಿಸಿದರೂ ಮುಕ್ಕಾಲು ಗಂಟೆ ಹಿಡಿಯಿತು. ಬ್ಯಾಟರಿ ವೈರ್ ತೆಗೆದೆ, ಕಾಯಿಲಿನ ಸಾಕೆಟ್ ಕಳಚಿದೆ, ಒಂದೇ ಒಂದು ಬೋಲ್ಟ್ ಬಿಚ್ಚಿ ಕಾಯಿಲನ್ನು ತಿರುವಿ ಮೇಲಕ್ಕೆಳೆದೆ. ಅದರ ಬುಡದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು. ಹೊಸದನ್ನು ಕೂರಿಸಿ ಬಿಗಿದೆ. ಇಂಜಿನ್ ಸ್ಟಾರ್ಟ್ ಆಯಿತು, ಚೂರೂ ನಡುಗಲಿಲ್ಲ.

ಎಣ್ಣೆ ಮೆತ್ತಿದ ನನ್ನ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀವಿಲ್ದಿದ್ರೆ ಏನ್ಮಾಡ್ತಿದ್ನೋ” ಎಂದು ಹೊರಟಳು.

ಅವಳು ಆಸ್ಪತ್ರೆ ತಲುಪುವ ಇಪ್ಪತ್ತು ನಿಮಿಷ ಮೊದಲೇ ಅಕ್ಕನ ಉಸಿರು ನಿಂತಿತ್ತು.

ಮೂರು ವಾರ ಕಳೆದು ಅವಳು ಗ್ಯಾರೇಜಿಗೆ ಬಂದಳು, ನನಗೆ ಥ್ಯಾಂಕ್ಸ್ ಹೇಳಲು! ಮುಖ ಇಳಿದುಹೋಗಿತ್ತು.

“ಅಕ್ಕನ ಮಗಳಿಗೆ ಎಂಟು ವರ್ಷ. ಭಾವ ಮೊದಲೇ ಇಲ್ಲ. ಇನ್ನು ಅವಳಿಗೆ ನಾನೇ. ಅಲ್ಲೇ ಇರೋಕೆ ಹೋಗ್ತಿದೀನಿ.” ನೆಲ ನೋಡುತ್ತ ಅಂದಳು: “ಆ ಊರಲ್ಲಿ ಒಬ್ರೂ ಒಳ್ಳೆ ಮೇಸ್ತ್ರಿ ಇಲ್ಲ. ಇದ್ದಿದ್ರೆ... ಚೆನ್ನಾಗಿರ್ತಿತ್ತು.”

ಬರುತ್ತೇನೆ ಎಂದಿದ್ದರೆ ಸಾಕಿತ್ತು. ಜೀವನಪೂರ್ತಿ ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಅವಳು ನನ್ನನ್ನು ದೇವರಂತೆ ನೋಡುತ್ತಿದ್ದಳು. ಅದನ್ನು ತಡೆಯಲಾಗಲಿಲ್ಲ.

“ಕಾಯಿಲ್ ಹೋಗಿದೆ ಅಂತ ನನಗೆ ಮೊದಲ ದಿನಾನೇ ಗೊತ್ತಿತ್ತು. ಹೊಸದು ಇಲ್ಲೇ ಇತ್ತು.”

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದು ಅವಳ ಕಣ್ಣಲ್ಲಿ ನನಗೆ ಕಂಡಿತು.

“ಯಾಕೆ?”

“ನೀವು ಮತ್ತೆ ಬರ್ಲಿ ಅಂತ. ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ಲ.”

ಅವಳು ಟೈರುಗಳ ಮೇಲೆ ಕುಸಿದು ಕೂತಳು. ಸೆರಗಿನಿಂದ ಬಾಯಿ ಒತ್ತಿಕೊಂಡು ಅತ್ತಳು. ಹತ್ತಿರ ಹೋಗುವ ಯೋಗ್ಯತೆ ನನಗಿರಲಿಲ್ಲ, ನಿಂತಲ್ಲೇ ನಿಂತೆ.

“ಗಾಡಿ ಸರಿಯಿದ್ರೂ ಬರ್ತಿದ್ದೆ ಮೇಸ್ತ್ರಿ” ಎಂದಳು ಕೊನೆಗೆ. “ಅಕ್ಕಂಗೆ ನಿಮ್ಮ ವಿಷಯ ಹೇಳ್ಬೇಕು ಅಂತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಖ ಒರೆಸಿಕೊಂಡು ಎದ್ದಳು. “ಉಳಿದ ಕಾಯಿಲ್‌ಗಳನ್ನೂ ನೋಡಿ. ಇನ್ಮೇಲೆ ಮಗು ಕೂರೋ ಗಾಡಿ.”

ಒಂದೊಂದನ್ನೇ ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಕೂರಿಸಿದೆ. ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೂ ಓಡಿಸಿ ನೋಡಿದೆ. ಅವಳು ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಏನಾದರೂ ಒಂದು ದೋಷ ಸಿಗಲಿ ಎಂದು ನನ್ನ ಮನಸ್ಸು ಆಗಲೂ ಬೇಡಿಕೊಳ್ಳುತ್ತಿತ್ತು.

“ಎಲ್ಲ ಚೆನ್ನಾಗಿವೆ” ಎಂದೆ.

“ನಿಜವಾಗ್ಲೂ?”

“ನಿಜವಾಗ್ಲೂ. ಇನ್ನು ಇದಕ್ಕೋಸ್ಕರ ಇಲ್ಲಿಗೆ ಬರ್ಬೇಕಾಗಿಲ್ಲ.”

ಅವಳು ತಲೆಯಾಡಿಸಿದಳು, ನಂಬಿದಳು. ಕಾರು ಹತ್ತಿ, ಏನೋ ಹೇಳುವವಳಂತೆ ಗಾಜು ಇಳಿಸಿದಳು. “ಹುಷಾರು” ಎಂದಷ್ಟೇ ಅಂದು ಹೊರಟುಹೋದಳು.