ಸಂಕವ್ವನ ನೆತ್ತಿಗೆ ಎಣ್ಣೆ

ಗಿಡಮರಗಳಿಗೂ ಮಾತು ಬರುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಕೇದಿಗೆಪುರವೆಂಬ ರಾಜ್ಯವಿತ್ತು. ಅಲ್ಲಿನ ಹೆಂಗಸರ ಜಡೆ ಮೊಣಕಾಲು ಮುಟ್ಟುತ್ತಿತ್ತು, ಗಂಡಸರ ಜುಟ್ಟು ಹೆಗಲು ಮುಟ್ಟುತ್ತಿತ್ತು. ಅದೇನೂ ದೇವರು ಕೊಟ್ಟ ವರವಲ್ಲ. ಎಳ್ಳು, ಕೊಬ್ಬರಿ, ಹರಳು ಇವುಗಳ ಎಣ್ಣೆಯಲ್ಲಿ ನೆಲ್ಲಿಕಾಯಿಯನ್ನೋ ಗರುಗದ ಸೊಪ್ಪನ್ನೋ ಕಾಯಿಸಿ, ವಾರಕ್ಕೊಮ್ಮೆ ತಲೆಗೆ ಒತ್ತಿ, ಬಿಸಿನೀರು ಹುಯ್ದು, ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು, ಅಷ್ಟೇ.

ಆ ರಾಜ್ಯದಲ್ಲಿ ಒಂದು ರೂಢಿಯಿತ್ತು. ತನ್ನ ನೆತ್ತಿಗೆ ತಾನೇ ಎಣ್ಣೆ ಒತ್ತಿಕೊಳ್ಳಬಾರದು. ಒಬ್ಬರು ಮಣೆಯ ಮೇಲೆ ಕೂತರೆ, ಅವರ ಬೆನ್ನ ಹಿಂದೆ ಇನ್ನೊಬ್ಬರು ಕೂತು ಒತ್ತಬೇಕು. ಮಗಳಿಗೆ ತಾಯಿ, ತಾಯಿಗೆ ಮಗಳು, ಅತ್ತೆಗೆ ಸೊಸೆ. ಹಾಗೆ ಒತ್ತುವ ಕೈ ಯಾವುದೂ ಇಲ್ಲದವರನ್ನು ದಿಕ್ಕಿಲ್ಲದವರು ಎನ್ನುತ್ತಿದ್ದರು.

ಅರಮನೆಯ ಹಿಂದಿನ ಬೀದಿಯಲ್ಲಿ ಸಂಕವ್ವ ಎಂಬ ಗಾಣಿಗರ ಹೆಂಗಸು, ಅವಳ ಮಗಳು ಬೊಮ್ಮಕ್ಕ, ಒಂದು ಕುಂಟೆತ್ತು ಇದ್ದರು. ಗಂಡ ಸತ್ತ ಮೇಲೆ ಗಾಣ ನಿಲ್ಲಿಸದೆ ನಡೆಸಿದವಳು ಸಂಕವ್ವ. ಊರಿನ ಬಾಣಂತಿಯರಿಗೆ, ಮದುಮಕ್ಕಳಿಗೆ, ಶುಕ್ರವಾರ ಶುಕ್ರವಾರ ರಾಣಿಗೆ, ಎಣ್ಣೆ ಒತ್ತುವುದಕ್ಕೆ ಅವಳೇ ಆಗಬೇಕು. ಆದರೆ ಸಂಕವ್ವನ ತಲೆಗೆ ಒತ್ತುವವರು ಯಾರು? ಬೊಮ್ಮಕ್ಕನೇ ತಾನೆ! ಬೊಮ್ಮಕ್ಕ ಕೆಟ್ಟವಳಲ್ಲ, ಬಿಡುವಿಲ್ಲದವಳು. ಕೆಟ್ಟವರಿಗಿಂತ ಬಿಡುವಿಲ್ಲದವರೇ ಹೆತ್ತವರಿಗೆ ಹೆಚ್ಚು ನೋವು ಕೊಡುತ್ತಾರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. "ನಾಳೆ ಒತ್ತೀನಿ ಕಣವ್ವ" ಎಂದು ಅವಳು ಹೇಳುತ್ತಾ ಹೇಳುತ್ತಾ ಹನ್ನೊಂದು ವರ್ಷವಾಯಿತು. ಒಳ್ಳೆಯ ಎಣ್ಣೆ ಅರಮನೆಗೆ ಹೋಗುತ್ತಿತ್ತು, ಉಳಿದದ್ದು ಊರಿಗೆ. ಸಂಕವ್ವ ಗಾಣದ ತಳದ ಗಸಿಯನ್ನು ಬಳಿದುಕೊಂಡು, ಹಿತ್ತಲಿಗೆ ಹೋಗಿ, ಯಾರೂ ನೋಡದ ಹಾಗೆ ಗೋಡೆಗೆ ಮುಖ ಮಾಡಿ ಕೂತು, ತನ್ನ ನೆತ್ತಿಗೆ ತಾನೇ ತಟ್ಟಿಕೊಳ್ಳುತ್ತಿದ್ದಳು. ಅವಳ ಕೂದಲು ಉದುರಿ ಉದುರಿ ಇಲಿಬಾಲದಷ್ಟಾಗಿತ್ತು.

ಹೀಗಿರುವಾಗ ಚಿಕುರಾಂಗನೆಂಬ ಮಾಂತ್ರಿಕ ಕೇದಿಗೆಪುರಕ್ಕೆ ಬಂದ. ಅವನಿಗೆ ಕೋರೆಹಲ್ಲು, ಕೆಂಗಣ್ಣು ಏನೂ ಇರಲಿಲ್ಲ. ಮೆಲುಮಾತಿನ, ನಗುಮುಖದ ಮುದುಕ. ಅವನು ಊರೊಳಗೆ ಕಾಲಿಟ್ಟ ದಿನವೇ ರಾಜ್ಯದ ಎಳ್ಳು, ನೆಲ್ಲಿ, ಗರುಗ ಎಲ್ಲ ಕರಕಲಾದವು. ಮರುದಿನ ಅವನು ಸಂತೆಮಾಳದಲ್ಲಿ ಸಣ್ಣ ಸಣ್ಣ ಕುಪ್ಪಿಗಳನ್ನು ಹರವಿ ಕೂತ.

"ತಾಯಂದಿರೇ, ಒಂದೇ ಹನಿ. ಬೆಳಗಾಗುವುದರೊಳಗೆ ಜಡೆ ಮೊಣಕಾಲಿಗೆ ಬರುತ್ತದೆ. ಕಾಯಿಸುವುದು ಬೇಡ, ಕಾಯುವುದು ಬೇಡ, ಒತ್ತುವುದಕ್ಕೆ ಇನ್ನೊಬ್ಬರ ಕೈಯೂ ಬೇಡ. ನಿಮ್ಮ ಬೆರಳೇ ಸಾಕು" ಎಂದ.

ಆ ಎಣ್ಣೆಗೆ ವಾಸನೆಯೇ ಇರಲಿಲ್ಲ. ಯಾವ ಬೀಜದ್ದು ಎಂದು ಯಾರೂ ಕೇಳಲಿಲ್ಲ. ಊರಿನ ಮುನ್ನೂರು ಹೆಂಗಸರು ತೆಗೆದುಕೊಂಡರು. ಇನ್ನೊಬ್ಬರ ಕೈ ಬೇಡ ಎಂಬ ಮಾತು ಕೇಳಿದ್ದೇ ಸಂಕವ್ವನೂ ಸೆರಗಿನಲ್ಲಿ ಒಂದು ಕುಪ್ಪಿ ಮುಚ್ಚಿಟ್ಟುಕೊಂಡು ಬಂದಳು. ಬೆಳಗ್ಗೆ ಎದ್ದಾಗ ಅವಳ ಜಡೆ ಕರಿಹಾವಿನ ಹಾಗೆ ಬೆನ್ನ ತುಂಬ ಬಿದ್ದಿತ್ತು. ಕುಂಟೆತ್ತಿಗೆ ಹಿಂಡಿ ಕಲಸುತ್ತಿದ್ದ ಬೊಮ್ಮಕ್ಕನ ಮುಂದೆ ಬಂದು ನಿಂತು, ಮದುಮಗಳ ಹಾಗೆ ನಕ್ಕಳು.

"ಹೆಂಗೈತೆ ಬೊಮ್ಮಿ?"

ಗಾಣಿಗರ ಮನೆಯೊಳಕ್ಕೆ ಪರದೇಶಿಯ ಕುಪ್ಪಿ ಬಂದಿತಲ್ಲ ಎಂದು ಬೊಮ್ಮಕ್ಕನಿಗೆ ಮೈ ಉರಿದುಹೋಯಿತು. "ಈ ವಯಸ್ಸಲ್ಲಿ ನಿಂಗ್ಯಾಕವ್ವ ಜಡೆ? ಸುಡುಗಾಡಿಗೆ ಹೋಗಕ್ಕೆ ಸಿಂಗಾರವಾ?" ಎಂದುಬಿಟ್ಟಳು.

ಸಂಕವ್ವ ಒಳಗೆ ಹೋಗಿ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಮರುದಿನ ಮಧ್ಯಾಹ್ನ ಚಿಕುರಾಂಗ ಉತ್ತರದ ಬೆಟ್ಟದ ಮೇಲೆ ನಿಂತು ತನ್ನ ಮೂಳೆಯ ಬಾಚಣಿಗೆಯಿಂದ ಗಾಳಿಯನ್ನು ಬಾಚಿದ. ಮುನ್ನೂರು ಜಡೆಗಳು ಹಗ್ಗದ ಹಾಗೆ ಬಿಗಿದು ಎದ್ದವು. ಜಡೆ ಎಳೆದ ಕಡೆಗೆ ಹೆಂಗಸರು ನಡೆದರು. ಕೂಸಿಗೆ ಹಾಲು ಕೊಡುತ್ತಿದ್ದವರು ಕೂಸು ಬಿಟ್ಟು ನಡೆದರು. ರಾಣಿಯೂ ನಡೆದಳು. ಸಂಕವ್ವ ಬಾಗಿಲು ಹಿಡಿದುಕೊಂಡಳು, ಕೈ ಜಾರಿತು. "ಬೊಮ್ಮೀ" ಎಂದು ಕೂಗಿದಳು. ಬೊಮ್ಮಕ್ಕ ಓಡಿಬಂದು ಕುಡುಗೋಲಿನಿಂದ ಜಡೆ ಕೊಯ್ಯಹೋದಳು, ಕುಡುಗೋಲು ಮುರಿಯಿತು. ರಾಜ ಸೈನ್ಯ ಕಳಿಸಿದ, ಕತ್ತಿಗಳು ಮುರಿದವು. ಆಮೇಲೆ ಅವನು ಹೆಂಗಸರನ್ನು ಬಿಡಿಸಿ ತಂದವರಿಗೆ ಅರ್ಧ ರಾಜ್ಯ, ಹೆಣ್ಣಾದರೆ ರಾಜಕುಮಾರನೊಡನೆ ಮದುವೆ ಎಂದು ಡಂಗುರ ಹೊಡೆಸಿದ. ರಾಜರಿಗೆ ಗೊತ್ತಿರುವುದು ಅಷ್ಟೇ.

ಬೊಮ್ಮಕ್ಕನಿಗೆ ರಾಜ್ಯ ಬೇಕಿರಲಿಲ್ಲ. ಅವ್ವ ಬೇಕಿತ್ತು. ಅವ್ವನನ್ನು ಮನೆಗೆ ಕರೆತರಬೇಕು, ಅಂದ ಮಾತಿಗೆ ಕಾಲು ಹಿಡಿದು ತಪ್ಪಾಯಿತು ಎನ್ನಬೇಕು. ಅದು ಬಿಟ್ಟು ಬೇರೇನೂ ಅವಳ ತಲೆಯಲ್ಲಿ ಇರಲಿಲ್ಲ.

ಹಿತ್ತಲಲ್ಲಿ ಒಂದು ದಾಸವಾಳ ಉಳಿದಿತ್ತು. ಅದು ಹೇಳಿತು: "ಕಬ್ಬಿಣಕ್ಕೆ ಬಗ್ಗದ ಆ ಕೂದಲು ಗಿಡದ ಎಣ್ಣೆಗೆ ಬಗ್ಗುತ್ತದೆ. ಮೊಸಳೆಯ ಕೊಳದ ಗರುಗ ತಾ, ಕರಡಿಯ ಗುಡ್ಡದ ನೆಲ್ಲಿ ತಾ, ಹಾವಿನ ಹೊಲದ ಕರಿಎಳ್ಳು ತಾ. ನನ್ನ ಹೂವನ್ನೂ ಹಾಕಿ ಕಾಯಿಸು. ಕಾವಲಿನವರು ಕೇಳಿದ್ದಕ್ಕೆ ಸುಳ್ಳು ಹೇಳಬೇಡ, ಹೇಳಿದರೆ ಕೈಯಲ್ಲಿದ್ದದ್ದು ಬೂದಿಯಾಗುತ್ತದೆ."

ಬೊಮ್ಮಕ್ಕ ಒಂದು ಹಗಲು ನಡೆದಳು, ಎರಡು ಹಗಲು ನಡೆದಳು, ಮೂರನೆಯ ಹಗಲು ಕೊಳಕ್ಕೆ ಬಂದಳು. ದಡದ ತುಂಬ ಗರುಗ, ನೀರಿನ ತುಂಬ ಮೊಸಳೆ.

"ಗಾಣಿಗರ ಮಗಳೇ, ರಾಣಿಯ ಜಡೆ ಎಷ್ಟುದ್ದ?"

"ಮೂರು ಮೊಳ, ಒಂದು ಗೇಣು" ಎಂದಳು ಬೊಮ್ಮಕ್ಕ ತಟ್ಟನೆ.

"ನಿನ್ನ ತಾಯಿಯ ಜಡೆ ಎಷ್ಟುದ್ದವಿತ್ತು?"

"ನಂಗೊತ್ತಿಲ್ಲ" ಎಂದಳು. ಮೊಸಳೆ ಪಕ್ಕಕ್ಕೆ ಸರಿಯಿತು. ಅವಳು ಮಡಿಲ ತುಂಬ ಗರುಗ ಕಿತ್ತುಕೊಂಡಳು.

ಮತ್ತೆ ಒಂದು ಹಗಲು, ಎರಡು ಹಗಲು. ಮೂರನೆಯ ಹಗಲು ಗುಡ್ಡಕ್ಕೆ ಬಂದಳು. ನೆಲ್ಲಿಯ ಮರದ ಬುಡದಲ್ಲಿ ಕರಡಿ ಕೂತಿತ್ತು.

"ಗಾಣಿಗರ ಮಗಳೇ, ರಾಣಿಯ ತಲೆಗೆ ಯಾವ ಎಣ್ಣೆ?"

"ಬೇಸಗೆಗೆ ಕೊಬ್ಬರಿ ಎಣ್ಣೆ, ಒಂದೆಲಗ ಹಾಕಿದ್ದು. ಚಳಿಗೆ ಎಳ್ಳೆಣ್ಣೆ, ಮೆಂತ್ಯ ಹಾಕಿದ್ದು."

"ನಿನ್ನ ತಾಯಿಯ ತಲೆಗೆ?"

"ಗಾಣದ ಗಸಿ" ಎಂದಳು. ಕರಡಿ ಅವಳ ಮುಖ ನೋಡಲಿಲ್ಲ. ಕೊಂಬೆ ಅಲುಗಿಸಿ ಕಾಯಿ ಉದುರಿಸಿತು. ಕರಡಿಗೂ ತಾಯಿ ಇರುತ್ತದಲ್ಲ.

ಹಾವಿನ ಹೊಲದಲ್ಲಿ ಎಳ್ಳು ಬಲಿತು ನಿಂತಿತ್ತು. ಬದುವಿನ ಮೇಲೆ ಏಳು ಹೆಡೆಯ ಹಾವು ಎದ್ದಿತು.

"ಗಾಣಿಗರ ಮಗಳೇ, ತಾಯಿಗೆ ನೀನು ಕೊನೆಗೆ ಆಡಿದ ಮಾತು ಯಾವುದು?"

"ಜಡೆ ಯಾಕವ್ವ ಅಂದೆ."

ಅವಳ ಮಡಿಲಿನ ಗರುಗದಲ್ಲಿ ಅರ್ಧ ಬೂದಿಯಾಯಿತು.

"ಗಾಣಿಗರ ಮಗಳೇ, ಮಾತು ಯಾವುದು?"

"ಆ ಎಣ್ಣೆ ಒಳ್ಳೇದಲ್ಲ ಕಣವ್ವ, ಹಚ್ಚಬ್ಯಾಡ ಅಂದೆ."

ನೆಲ್ಲಿಯಲ್ಲಿ ಅರ್ಧ ಬೂದಿಯಾಯಿತು.

ಮೂರನೆಯ ಸಲ ಹಾವು ಕೇಳಲಿಲ್ಲ. ಏಳು ಹೆಡೆಯನ್ನೂ ಅವಳ ಮುಖದ ಹತ್ತಿರ ತಂದು ಸುಮ್ಮನೆ ನೋಡಿತು. ಬೊಮ್ಮಕ್ಕ ನೆಲಕ್ಕೆ ಕುಕ್ಕರಿಸಿದಳು. ಅಂದ ಮಾತನ್ನು ಅಂದ ಹಾಗೆಯೇ, ಅಂದ ದನಿಯಲ್ಲೇ, ಒಂದಕ್ಷರ ಬಿಡದೆ ಹೇಳಿದಳು. ಹೇಳಿ ಎದೆ ಬಡಿದುಕೊಂಡು ಅತ್ತಳು. ಏಳು ಹೆಡೆಯೂ ಬಾಗಿದವು. ಹಾವಿಗೆ ವಿಷ ಹೊಸದಲ್ಲ, ಆದರೂ ಅದು ಹೆದರಿದ ಹಾಗೆ ಹಿಂದಕ್ಕೆ ಸರಿಯಿತು.

ಅವಳು ಎಳ್ಳು ಕೊಯ್ದುಕೊಂಡು ಮನೆಗೆ ಬಂದು, ಅದನ್ನು ಒರಳಲ್ಲಿ ಕುಟ್ಟಿದಳು, ಬಿಸಿನೀರು ಚಿಮುಕಿಸಿ ಹಿಂಡಿದಳು. ಗರುಗದ ರಸ, ಜಜ್ಜಿದ ನೆಲ್ಲಿ, ದಾಸವಾಳದ ಹೂವು ಹಾಕಿ ಸಣ್ಣ ಉರಿಯಲ್ಲಿಟ್ಟಳು. ಚಿಟಿಚಿಟಿ ಸದ್ದು ನಿಲ್ಲುವವರೆಗೆ ಸೌಟು ಬಿಡಲಿಲ್ಲ. ಆರಿಸಿ, ಬಟ್ಟೆಯಲ್ಲಿ ಸೋಸಿದಾಗ ಒಂದು ಗಡಿಗೆ ಎಣ್ಣೆ ಆಯಿತು. ಅದರ ಘಮ ಬೀದಿಯ ಕೊನೆಯವರೆಗೆ ಹೋಯಿತು. ಗಡಿಗೆ ಹೊತ್ತು ಅವಳು ಉತ್ತರದ ಬೆಟ್ಟ ಹತ್ತಿದಳು.

ಬೆಟ್ಟದ ಮೇಲೆ ಮನೆಯಷ್ಟು ದೊಡ್ಡ ಗಾಣವಿತ್ತು. ಅದಕ್ಕೆ ಎತ್ತುಗಳಿರಲಿಲ್ಲ. ಮುನ್ನೂರು ಹೆಂಗಸರನ್ನು ಜಡೆಗಳಿಂದ ಅದರ ತೊಲೆಗೆ ಕಟ್ಟಿದ್ದ. ಅವರು ಸುತ್ತುತ್ತಿದ್ದರು. ಒಂದು ಸುತ್ತಿಗೆ, ತೊಲೆ ಎಳೆದವಳು ಬಾಳಿದ ಒಂದು ದಿನ ಗಾಣದೊಳಗೆ ಬೀಳುತ್ತಿತ್ತು. ಇವತ್ತಿನದು ಮೊದಲು, ನಿನ್ನೆಯದು ಆಮೇಲೆ, ಮೊನ್ನೆಯದು ಅದರ ಮೇಲೆ. ಚಿಕುರಾಂಗ ಕುಪ್ಪಿಗಳಲ್ಲಿ ತುಂಬುತ್ತಿದ್ದದ್ದು ಆ ದಿನಗಳನ್ನು.

ಉರಿಬಿಸಿಲಿಗೆ ಚಿಕುರಾಂಗ ಗುಹೆಯಲ್ಲಿ ನಿದ್ದೆ ಹೋಗಿದ್ದ. ಬೊಮ್ಮಕ್ಕ ನೇರವಾಗಿ ಎಲ್ಲರಿಗಿಂತ ಮುಂದಿದ್ದ ಸಂಕವ್ವನ ಹತ್ತಿರ ಹೋದಳು. ಅವಳ ಬೆನ್ನ ಹಿಂದೆ ನಿಂತು, ಬೊಗಸೆ ತುಂಬ ಎಣ್ಣೆ ತೆಗೆದು, ನೆತ್ತಿಗೆ ಒತ್ತಿದಳು. ಒತ್ತಿದಳು, ತಟ್ಟಿದಳು, ಬೆರಳಾಡಿಸಿದಳು. ಮೂರನೆಯ ಬೊಗಸೆಗೆ ಮಾಯೆಯ ಕೂದಲು ಬುಡಸಮೇತ ಕಳಚಿ ಬಿತ್ತು. ಸಂಕವ್ವ ತಿರುಗಿ ನೋಡಿದಳು.

"ಅವ್ವಾ, ತಪ್ಪಾಯ್ತು" ಎಂದಳು ಬೊಮ್ಮಕ್ಕ.

ಸಂಕವ್ವ ಹಲ್ಲು ಬಿಟ್ಟು ನಕ್ಕಳು. "ಸಂದಾಕಿತ್ತು. ಇನ್ನೊಂದ್ಸಲ ಒತ್ತವ್ವ. ಆಮೇಕೆ ಕುಂಟೆಬಿಲ್ಲೆ ಆಡಕ್ಕೋಗ್ತೀನಿ."

ಆ ಕಣ್ಣಲ್ಲಿ ಬೊಮ್ಮಕ್ಕನ ಗುರುತೇ ಇರಲಿಲ್ಲ. ಸಂಕವ್ವನ ಪಕ್ಕಕ್ಕೆ ಕಟ್ಟಿದ್ದ ಬಾಣಂತಿಯೊಬ್ಬಳು ತಲೆ ತಗ್ಗಿಸಿ ಹೇಳಿದಳು: "ನಿಮ್ಮವ್ವಂಗೆ ಗಾಣದ ಕೆಲ್ಸ ಗೊತ್ತಿತ್ತು ಕಣಕ್ಕ. ನಾವು ಸುಸ್ತಾಗಿ ಬಿದ್ದಾಗೆಲ್ಲ ತೊಲೆನ ಅವ್ಳೊಬ್ಳೇ ಎಳುದ್ಲು. ನಮ್ಮ ಸುತ್ತೆಲ್ಲ ಅವ್ಳ್ದೇ. ಮೊದಮೊದಲು ನಿನ್ನೆಸ್ರು ಹೇಳ್ತಿದ್ಲು. ಒಂದಿನ ಬೊಮ್ಮಿ ಯಾರು ಅಂತ ನಮ್ಮನ್ನೇ ಕೇಳುದ್ಲು."

ಅಳುವುದಕ್ಕೆ ಹೊತ್ತಿರಲಿಲ್ಲ. ಬೊಮ್ಮಕ್ಕ ಬಾಣಂತಿಯ ನೆತ್ತಿಗೆ ಒತ್ತಿದಳು, ಬಾಣಂತಿ ರಾಣಿಯ ನೆತ್ತಿಗೆ ಒತ್ತಿದಳು, ರಾಣಿ ಅಗಸಗಿತ್ತಿಯ ನೆತ್ತಿಗೆ ಒತ್ತಿದಳು. ಹೀಗೆ ಮುನ್ನೂರು ತಲೆಗಳೂ ಬಿಡುಗಡೆಯಾಗುವ ಹೊತ್ತಿಗೆ ಎಣ್ಣೆಯ ಘಮಕ್ಕೆ ಚಿಕುರಾಂಗ ಎದ್ದು ಬಂದ. ಬೋಳುತಲೆಗಳನ್ನು ಕಂಡು ಕೂಗಿಕೊಂಡ. ಮೂಳೆಯ ಬಾಚಣಿಗೆ ತೆಗೆದು ಗಾಳಿಯನ್ನು ಬಾಚಿದ. ಕೂದಲು ಅವನ ಮಾತು ಕೇಳಿತು. ಮುನ್ನೂರು ಜಡೆಗಳೂ, ತಲೆಗಳಿಲ್ಲದೆ, ಒಟ್ಟಿಗೆ ಅವನ ಮೇಲೆ ಹಾರಿ ಬಂದವು. ಕೈಗೆ ಸುತ್ತಿದವು, ಕಾಲಿಗೆ ಸುತ್ತಿದವು, ಅವನನ್ನು ತೊಲೆಗೆ ಬಿಗಿದು ಗಾಣ ತಿರುಗಿಸಿದವು. ಅವನ ಮೈಯೂ ಕದ್ದ ದಿನಗಳಿಂದಲೇ ಬೆಳೆದದ್ದು. ಅವನು ಮುದುಕನಿಂದ ಯುವಕನಾದ, ಹುಡುಗನಾದ, ಕೂಸಾದ, ಆಮೇಲೆ ಇಲ್ಲವಾದ. ಗಾಣ ನಡುವೆ ಸೀಳಿತು. ಅದರೊಳಗಿದ್ದದ್ದೆಲ್ಲ ನೆಲಕ್ಕೆ ಹರಿದು ಮಣ್ಣಿಗೆ ಇಂಗಿತು. ಬೊಮ್ಮಕ್ಕ ಎರಡೂ ಕೈಯಲ್ಲಿ ಮಣ್ಣು ಬಾಚಿದಳು, ಬಾಚಿ ಬಾಚಿ ಹಿಂಡಿದಳು. ಮಣ್ಣು ಮಣ್ಣಾಗಿಯೇ ಇತ್ತು.

ಕೇದಿಗೆಪುರದಲ್ಲಿ ಹಬ್ಬವಾಯಿತು. ಉಳಿದ ಹೆಂಗಸರು ಕಳೆದುಕೊಂಡದ್ದು ನಾಲ್ಕಾರು ದಿನ, ಹೆಚ್ಚೆಂದರೆ ಒಂದು ತಿಂಗಳು. ಆ ತಿಂಗಳ ಜಗಳ ಮರೆತುಹೋಗಿ ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆಯರು ಚೆನ್ನಾಗಿಯೇ ಇದ್ದರು. ಎಳ್ಳು ಚಿಗುರಿತು, ನೆಲ್ಲಿ ಚಿಗುರಿತು. ಬೋಳುತಲೆಗಳ ಮೇಲೆ ತಿಂಗಳಿಗೆ ಒಂದು ಬೆರಳಗಲದಂತೆ ಕೂದಲು ಬಂತು, ಯಾರೂ ಅವಸರಪಡಲಿಲ್ಲ. ರಾಜ ಕೊಟ್ಟ ಅರ್ಧ ರಾಜ್ಯವನ್ನು ಬೊಮ್ಮಕ್ಕ ಬೇಡವೆಂದಳು. ರಾಜಕುಮಾರ ಅವಳ ಜಿಡ್ಡು ಕೈ ನೋಡಿ ಮೂಗು ಮುರಿದ, ಅವಳು ಅವನನ್ನು ನೋಡಲೂ ಇಲ್ಲ. ಊರಿನವರೆಲ್ಲ ಸುಖವಾಗಿದ್ದರು. ಎಲ್ಲರಿಗಿಂತ ಸುಖವಾಗಿದ್ದವಳು ಸಂಕವ್ವ. ಮೈಗೆ ಮುಪ್ಪಿದ್ದರೂ ಮನಸ್ಸಿಗೆ ಎಂಟೇ ವರ್ಷವಾದವಳಿಗೆ ಇರುವ ಚಿಂತೆಯಾದರೂ ಏನು?

ಶುಕ್ರವಾರ ಬೆಳಗ್ಗೆ ಬೊಮ್ಮಕ್ಕ ಅವಳ ಬೆನ್ನ ಹಿಂದೆ ಕೂತು ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಎಲ್ಲವನ್ನೂ ಹೇಳಿಬಿಟ್ಟಳು. ಹೀಗೊಬ್ಬ ಹೆಂಗಸು ಇದ್ದಳು, ಜಡೆ ಬಂತೆಂದು ನನ್ನ ಮುಂದೆ ನಿಂತು ನಕ್ಕಳು, ಸುಡುಗಾಡಿಗೆ ಹೋಗಕ್ಕೆ ಸಿಂಗಾರವಾ ಅಂದೆ, ಎಂದಳು.

ಸಂಕವ್ವ ಕಣ್ಣರಳಿಸಿ ತಿರುಗಿದಳು. "ಅಯ್ಯೋ, ಹಂಗಂದ್ಯಾ? ಆವಮ್ಮ ಎಷ್ಟು ಅತ್ತಿರ್ತಾಳೋ!"

"ಹೂಂ."

"ಹೋಗಿ ತಪ್ಪಾಯ್ತು ಅನ್ನವ್ವ. ಅವ್ಳು ಒಳ್ಳೇವ್ಳು ಅನ್ಸುತ್ತೆ, ಏನೂ ಅನ್ನಲ್ಲ."

"ಹೋಗ್ತೀನಿ" ಎಂದಳು ಬೊಮ್ಮಕ್ಕ. "ಮುಂದಕ್ಕೆ ತಿರುಕ್ಕೊ, ಕಣ್ಣಿಗೆ ಎಣ್ಣೆ ಇಳೀತದೆ."