ಐದು ಕಾಲಿನ ಆನೆ

ಬೆಟ್ಟಗಳಿಗೆ ರೆಕ್ಕೆಯಿದ್ದ ಕಾಲದ ಮಾತು. ಒಂದು ವಿಜಯದಶಮಿಯ ದಿನ, ಹಲಗೆಯ ಮೇಲೆ ಅಕ್ಷರ ತಿದ್ದುವ ಬದಲು ಆನೆ ಬರೆದನೆಂದು ಅಯ್ಯನವರು ಬೆರಳ ಗಂಟಿಗೆ ಬಾರಿಸಿದಾಗ, ಹೊನ್ನೂರ ಎಂಬ ಹುಡುಗ ಓದಿನ ಮಠದಿಂದ ಎದ್ದು ನಡೆದ. ನಡೆದವನು ನಿಲ್ಲಲೇ ಇಲ್ಲ. ಊರು ಸುತ್ತಿದ, ಕಾಡು ಸುತ್ತಿದ, ಗಡ್ಡ ನೆರೆಯುವ ಹೊತ್ತಿಗೆ ಬಿಳಿಗೋಡೆ ಎಂಬ ರಾಜ್ಯಕ್ಕೆ ಬಂದ. ಜೋಳಿಗೆಯಲ್ಲಿದ್ದದ್ದು ಇದ್ದಿಲು, ಕೆಮ್ಮಣ್ಣು, ಒಂದು ಕಂಬಳಿ.

ಆ ರಾಜ್ಯದ ಹೆಮ್ಮೆಯೇ ಸುಣ್ಣದ ಗೋಡೆ. ಗೆರೆ ಎಳೆದ ಮಗುವಿನ ಕೈಗೆ ಪೆಟ್ಟು. ಗೆರೆ ಕಂಡರೆ ಹೆದರುವ ಬೂದಿಗಣ್ಣ ಎಂಬ ಮಾಂತ್ರಿಕನಿಗೆ ಅದೇ ಹಬ್ಬವಾಯಿತು. ವರ್ಷದ ಹಿಂದೆ ಬಂದ, ಮಕ್ಕಳ ಮಾತನ್ನೆಲ್ಲ ಕದ್ದ, ವೇಷ ಮರೆಸಿ ಊರೊಳಗೇ ಅಡಗಿದ. ಮಕ್ಕಳು ಅವನನ್ನು ಗುರುತಿಸಿದ್ದರು, ಹೇಳಲು ಬಾಯಿಲ್ಲ. ಹುಣ್ಣಿಮೆಯೊಳಗೆ ಅವನನ್ನು ಹಿಡಿಯದಿದ್ದರೆ ಮಕ್ಕಳೆಲ್ಲ ಕಲ್ಲುಗೊಂಬೆ. ಹೊನ್ನೂರ ಬಂದಾಗ ಹುಣ್ಣಿಮೆಗೆ ಮೂರೇ ದಿನ.

ಅರಸನ ಮಗಳು ಮುತ್ತಬ್ಬೆಗೆ ಆರು ವರ್ಷ. ಬಾಯಲ್ಲಿ ಮಾತಿಲ್ಲ, ಬೆರಳಲ್ಲಿ ಬಲವಿಲ್ಲ, ತುತ್ತನ್ನೂ ದಾದಿಯೇ ಇಡಬೇಕು.

"ಏನಯ್ಯಾ ಅಲೆಮಾರಿ, ನಿನಗೆ ಯಾವ ಮಂತ್ರ ಬರುತ್ತೆ?" ಎಂದ ಅರಸ, ಮಕ್ಕಳನ್ನು ಉಳಿಸುತ್ತೇನೆಂದು ಅರಮನೆಗೆ ಬಂದ ಹೊನ್ನೂರನಿಗೆ.

"ಮಂತ್ರ ಬರಲ್ಲ ದೊರೆ. ಅಕ್ಷರವೇ ಅರ್ಧಂಬರ್ಧ. ಒಂದು ಗೋಡೆ ಕೊಡಿ."

ಮೊದಲ ದಿನ ಮುತ್ತಬ್ಬೆಯ ಕೈಗೆ ಇದ್ದಿಲು ಕೊಟ್ಟ. ಜಾರಿತು. ಮತ್ತೆ ಕೊಟ್ಟ. ಸಂಜೆಗೆ ಗೋಡೆಯ ಮೇಲೊಂದು ಗೋಜಲು. ದಾದಿ ಒದ್ದೆ ಬಟ್ಟೆ ತಂದಳು. "ಅಯ್ಯೋ, ಕೋಳಿ ಕೆದರಿದ ಹಾಗಿದೆ!"

"ಒರೆಸಬೇಡವ್ವಾ. ಕೇಳು," ಎಂದ ಹೊನ್ನೂರ.

"ಏನಿದು, ಕಂದಾ?" ಎಂದು ದಾದಿ ಕೇಳಿದಳು. ಮಗು ನಕ್ಕಿತು. ಅಂದು ತನ್ನ ಕೈಯಾರೆ ಕಲಸಿ ಉಂಡಿತು.

ಎರಡನೆಯ ದಿನ ಗೋಜಲಿನ ಪಕ್ಕ ಒಂದು ದುಂಡು ಮೂಡಿತು. ದುಂಡಿಗೆ ಕಣ್ಣು, ಕಣ್ಣಿಂದ ಇಳಿದ ನೀರು. "ಮುಖಕ್ಕೆ ಮೂಗೇ ಇಲ್ಲ! ಒರೆಸಿ ತಿದ್ದುತ್ತೇನೆ," ಎಂದು ರಾಜಪಂಡಿತ ಮುಂದಾದ.

"ಒರೆಸಬೇಡಿ ಪಂಡಿತರೇ. ಕೇಳಿ."

ಪಂಡಿತ ಕುಕ್ಕರಗಾಲಲ್ಲಿ ಕೂತ. "ಯಾರಮ್ಮಾ ಅಳುತ್ತಿರೋದು?" ಮಗು ತನ್ನೆದೆಯ ಮೇಲೆ ಬೆರಳಿಟ್ಟಿತು. ವರ್ಷದಿಂದ ಕಟ್ಟಿದ್ದ ಅಳು ಒಡೆಯಿತು. ಅರಸ ಮಗಳನ್ನು ಮಡಿಲಿಗೆ ಎಳೆದುಕೊಂಡ.

ಮೂರನೆಯ ದಿನ ಅವಳು ಪಟ್ಟದಾನೆ ಬರೆದಳು. ಸೊಂಡಿಲು ಸರಿ, ಗಂಟೆ ಸರಿ, ಕಾಲು ಐದು. ಸಭೆ ಘೊಳ್ಳೆಂದಿತು. ಅರಸನೇ ಒದ್ದೆ ಬಟ್ಟೆ ಎತ್ತಿದ. "ಒಂದು ಹೆಚ್ಚಾಯ್ತಲ್ಲ ಮಗಳೇ!"

ಹೊನ್ನೂರನ ಬೆರಳ ಗಂಟು ಹಳೆಯ ಪೆಟ್ಟು ನೆನೆದು ಚುಳ್ಳೆಂದಿತು. ಅರಸನ ಕೈಯನ್ನೇ ಹಿಡಿದುಬಿಟ್ಟ. "ಒರೆಸಬೇಡಿ ದೊರೆ. ಕೇಳಿ."

"ಇದು ಯಾರ ಕಾಲಮ್ಮಾ?" ಅರಸ ಐದನೆಯದನ್ನು ತೋರಿಸಿ ಕೇಳಿದ.

ಮಾಂತ್ರಿಕನ ಗುಟ್ಟು ಗೆರೆಯಲ್ಲಿ ಮೂಡಿದ್ದೇ ಅವನ ಮಂತ್ರ ಸಡಿಲಿತ್ತು; ಮುತ್ತಬ್ಬೆ ಬಾಯಿ ತೆರೆದಳು. "ಬೂದಿಗಣ್ಣಂದು."

ಎಲ್ಲರೂ ಆನೆಲಾಯಕ್ಕೆ ಓಡಿದರು. ಎಣಿಸಿದರು. ಹೌದು, ಐದು! ದಿನಾ ಕೈಮುಗಿಯುತ್ತಿದ್ದ ಆನೆಯ ಕಾಲನ್ನು ದೊಡ್ಡವರು ಯಾರೂ ನೋಡಿರಲಿಲ್ಲ. ಗುರುತು ಸಿಕ್ಕಿದ್ದೇ ಐದನೆಯ ಕಾಲು ನಡುಗಿತು, ಮಾಂತ್ರಿಕನಾಯಿತು, ಹಿಡಿ ಬೂದಿಯಾಗಿ ಉದುರಿತು. ಊರ ತುಂಬ ಮಕ್ಕಳ ಗದ್ದಲ ಎದ್ದಿತು.

ಅಂದಿನಿಂದ ಆ ರಾಜ್ಯದಲ್ಲಿ ದೊಡ್ಡವರ ಸೊಂಟದಿಂದ ಕೆಳಗಿನ ಗೋಡೆಯೆಲ್ಲ ಮಕ್ಕಳದು. ಅಲ್ಲಿ ಹಸಿರು ಹಸು ಮೇಯಿತು, ಅಜ್ಜಿಯರು ಹಾರಿದರು. ಬರೆದು ಪಳಗಿದ ಕೈಗೆ ಅಕ್ಷರವೂ ಒಲಿಯಿತು. ಮನೆಮನೆಯೂ ಸುಖವಾಗಿತ್ತು.

"ಇಲ್ಲೇ ಇರು, ರಾಜಗುರು ಮಾಡ್ತೀನಿ," ಎಂದ ಅರಸ.

"ಓದು ಬಿಟ್ಟವನನ್ನಾ? ನಮ್ಮ ಅಯ್ಯನವರು ಕೇಳಿದರೆ ಹಲಗೆ ತಲೆಗೆ ಚಚ್ಚಿಕೊಂಡಾರು!"

ಹೊನ್ನೂರ ಕಂಬಳಿ ಸುತ್ತಿದ. ಕೆಮ್ಮಣ್ಣು ಗಂಟು ಕಟ್ಟಿದ. ಇದ್ದಿಲು ಮಾತ್ರ ಮುತ್ತಬ್ಬೆಯ ಮುಷ್ಟಿಯಲ್ಲಿತ್ತು. ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ.

"ಅಬ್ಬಾ, ಎಂಥ ಹಿಡಿತ!" ಎಂದು ಎದೆಯುಬ್ಬಿ ನಕ್ಕು, ಜೋಳಿಗೆಯನ್ನು ಹೆಗಲಿಗೇರಿಸಿದ.