ಅವನು ಅಣಕಿಸದ ದನಿ

“ಮೈಕ್ ಬಿಡ್ರಿ! ನನ್ನ ಹಾಡು ಇನ್ನೂ ಮುಗದಿಲ್ಲ!”

ಭಾಗೀರಥಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಆದರೆ ಗಿಟಾರ್ ಹಿಡಿದ ಆ ಹೊಸಬ ಬಿಟ್ಟರೆ ತಾನೇ! ಅವಳು ಎರಡನೇ ಚರಣಕ್ಕೆ ಉಸಿರೆಳೆದುಕೊಳ್ಳುತ್ತಿದ್ದಂತೆಯೇ ಅಡ್ಡ ಬಂದು, ಬಸ್ ಕಂಡಕ್ಟರನ ಮೂಗುದನಿಯಲ್ಲಿ, “ಶಿರಹಟ್ಟಿ, ಶಿರಹಟ್ಟಿ! ಒಳಗ ಸರೀರಿ, ಒಳಗ ಸರೀರಿ!” ಎಂದುಬಿಟ್ಟ.

ಲಕ್ಷ್ಮೇಶ್ವರದ ಕಾಲೇಜು ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಅವಳ ಕಣ್ಣು ತುಂಬಿತು.

ಅದು ಎಂಬತ್ಮೂರನೇ ಇಸವಿ. ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡು ಎನ್ನುತ್ತಿದ್ದ ಕಾಲದಲ್ಲಿ, ತಾವೇ ಬರೆದ ಹಾಡುಗಳನ್ನು ಹೊತ್ತು ಗದಗಿನಿಂದ ಹೊರಟ ತಂಡವದು. ಭಾಗೀರಥಿ ಬರೆದದ್ದು ಒಂದೇ ಹಾಡು. ತನ್ನೊಳಗನ್ನೆಲ್ಲ ತೋಡಿಟ್ಟ ಹಾಡು. ಹೊಸಬ ಜಯತೀರ್ಥನೂ ಹಾಡು ಬರೆಯುತ್ತಿದ್ದ. ಜನಕ್ಕೆ ಬೇಕಾದದ್ದು ಮಾತ್ರ ಅವನ ಮಿಮಿಕ್ರಿ!

ಶಿರಹಟ್ಟಿಯಲ್ಲಿ ಅವನು ಹೇಳದೆ ಕೇಳದೆ ಗಿಟಾರಿನ ಶ್ರುತಿ ಇಳಿಸಿದ. ತಬ್ಬಿಬ್ಬಾದ ಅವಳು ಹಾಡು ನಿಲ್ಲಿಸಿದಳು. ಜನ ಎದ್ದು ಹೋದರು.

“ಶ್ರುತಿ ಯಾಕ ಇಳಿಸಿದ್ರಿ?”

“ನಿಮ್ಮ ಗಂಟಲಾ...”

“ನನ್ನ ಗಂಟಲಿನ ಉಸಾಬರಿ ನಿಮಗ್ಯಾಕ? ಮೊದಲ ನಿಮ್ಮ ಸೊಕ್ಕು ಇಳಿಸ್ರಿ!”

ತಂಡದ ಯಜಮಾನ, ಡೋಲಕ್ಕಿನ ಮರ್ದಾನಸಾಬ ನಿಟ್ಟುಸಿರಿಟ್ಟ. “ತಂಗಿ, ಮುಂಡರಗೀದು ಕಡೀ ಕಾರ್ಯಕ್ರಮ. ಅಲ್ಲೂ ಮಂದಿ ಎದ್ದು ಹೋದ್ರ ನಿನ್ನ ಹಾಡು ಬಂದ್. ಆತಿಲ್ಲೊ?”

ವ್ಯಾನಿನಲ್ಲಿ ಜಯತೀರ್ಥ ಎಲ್ಲರನ್ನೂ ಅಣಕಿಸಿದ. ಮರ್ದಾನಸಾಬನ ಕೆಮ್ಮು, ಡ್ರೈವರನ ಬೈಗುಳ, ಕೊನೆಗೆ ವ್ಯಾನಿನ ಗೇರನ್ನೂ! ಅವಳನ್ನು ಮಾತ್ರ ಬಿಟ್ಟ.

‘ಗೇರಿಗಿರೋ ಕಿಮ್ಮತ್ತೂ ನನಗಿಲ್ಲೇನು...’

ಮುಂಡರಗಿಯಲ್ಲಿ ಹಟ ಹಿಡಿದು ಮೇಲಿನ ಶ್ರುತಿಯಲ್ಲೇ ಹಾಡಿದಳು. ಎರಡನೇ ಚರಣ... ದನಿ ಫಟ್ಟನೆ ಒಡೆಯಿತು!

“ಏ ಮಿಮಿಕ್ರಿ! ಆ ಅಕ್ಕಾರ ದನಿ ಅಣಕಸಲೇ!” ಯಾರೋ ಕೂಗಿದರು. ಸಿಳ್ಳೆಗಳು ಹಾರಿದವು.

ಅವಳು ಜಯತೀರ್ಥನತ್ತ ತಿರುಗಿದಳು. ಈ ಒಡಕು ದನಿಯನ್ನು ಅವನೊಮ್ಮೆ ಅಣಕಿಸಿದರೆ ಸಾಕು, ಹಾಡಿನ ಕಥೆ ಮುಗಿಯಿತು!

ಜಯತೀರ್ಥ ಮೈಕಿನ ಮುಂದೆ ಬಂದ. ಒಂದೊಂದೇ ತಂತಿ ಸಡಿಲಿಸಿ ಶ್ರುತಿ ಇಳಿಸಿದ. ಆಮೇಲೆ, ತಂಡದಲ್ಲಿ ಯಾರೂ ಕೇಳಿರದ ದನಿಯೊಂದರಲ್ಲಿ ಅವಳದೇ ಹಾಡು ಎತ್ತಿಕೊಂಡ.

“ನನ್ನೊಳಗ ನಾ ಇಲ್ಲವ್ವ... ಯಾರರೆ ಹುಡುಕಿ ಕೊಡ್ರೆವ್ವಾ...”

ಒರಟು ದನಿ. ನಡುಗುವ ದನಿ. ಅದು ಅವನ ಸ್ವಂತದ್ದು!

ಅವಳಿಗೇ ಅರಿವಿಲ್ಲದಂತೆ ಅವಳ ಗಂಟಲು ಅದಕ್ಕೆ ಜೊತೆಯಾಯಿತು. ಸಲೀಸಾಗಿ, ಒಂದಿಷ್ಟೂ ನೋಯದೆ! ಸಿಳ್ಳೆ ನಿಂತಿತು. ಹಾಡು ಮುಗಿಯುವವರೆಗೂ ಒಬ್ಬರೂ ಏಳಲಿಲ್ಲ.

ಪರದೆಯ ಹಿಂದೆ ಅವಳು ಕೇಳಿದಳು, “ನನ್ನ ಗಂಟಲಿನ ಸಂಗತಿ ಲಕ್ಷ್ಮೇಶ್ವರದಾಗನ ನಿಮಗ ಗೊತ್ತಿತ್ತೇನ್ರಿ?”

“ದನಿ ಒಡಿಯೂ ಮೊದಲ ಕಿವಿಗೆ ತಿಳೀತದರಿ. ಮಂದಿ ನಿಮ್ಮನ್ನ ನೋಡಿ ನಗಬಾರದಂತ ನಾ ನಗಿಸಿದೆ. ತಪ್ಪಾತು.”

“ಎಲ್ಲಾರನ್ನೂ ಅಣಕಸ್ತೀರಿ. ನನ್ನನ್ನ ಯಾಕ ಬಿಟ್ರಿ?”

ಊರೆಲ್ಲ ನಗಿಸುವ ಬಾಯಿ ತೊದಲಿತು. “ಅಣಕಸಬೇಕಂದ್ರ... ಮನಸ್ಸು ಸ್ವಲ್ಪ ದೂರ ನಿಂದರಬೇಕ್ರಿ. ನಿಮ್ಮಿಂದ ದೂರ ನಿಂದರವಲ್ದು.”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

“ಹಂಗಾರ ಒಳಗ ಸರೀರಿ, ಒಳಗ ಸರೀರಿ!” ಎಂದಳು, ಥೇಟ್ ಅವನದೇ ಕಂಡಕ್ಟರನ ಮೂಗುದನಿಯಲ್ಲಿ.